ಮಾಜಿ ಎಂದು ಬರೆದ ಪೆಟ್ಟಿಗೆಗಳು

ಅಮೆರಿಕದ ಹೇವರ್ಡಿನ ಗೋದಾಮಿನಲ್ಲಿ ನನ್ನ ಮೊಮ್ಮಗಳು ನಮಗೆಲ್ಲ ಮೊದಲು ಕಲಿಸಿದ್ದು ಒಂದು ಚಿತ್ರವನ್ನು. ತಳಕ್ಕೆ ತಳ ತಾಗಿಸಿ ಇಟ್ಟ ಎರಡು ಲೋಟಗಳ ಹಾಗಿರುವ ಮರಳು ಗಡಿಯಾರದ ಚಿತ್ರ. ಕೈಗವಸು ಇರಲಿ, ಗಾಯಕ್ಕೆ ಕಟ್ಟುವ ಪಟ್ಟಿ ಇರಲಿ, ಸೂಜಿ ಇರಲಿ, ಆಸ್ಪತ್ರೆಯ ಸಾಮಾನಿನ ಹೊದಿಕೆ ತಿರುಗಿಸಿ ನೋಡಿದರೆ ಒಂದು ಮೂಲೆಯಲ್ಲಿ ಅದು ಇರುತ್ತದೆ. ಅದರ ಪಕ್ಕದಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು. ಆ ತಿಂಗಳು ದಾಟಿದರೆ ಸಾಮಾನು ಎಕ್ಸ್‌ಪೈರ್ಡು. ಅದನ್ನು ಆಫ್ರಿಕಾಕ್ಕೆ ಕಳಿಸುವ ಹಾಗಿಲ್ಲ. ಕಳಿಸಿದರೂ ಅಲ್ಲಿನ ಬಂದರಿನಲ್ಲಿ ಬಿಡುವುದಿಲ್ಲ. ತಿಂಗಳು ಹತ್ತಿರ ಬಂದಿದ್ದರೂ ಬೇಡ, ಹಡಗು ಹೋಗಿ ಮುಟ್ಟುವಷ್ಟರಲ್ಲಿ ದಾಟಿಬಿಟ್ಟಿರುತ್ತದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತೇನೆ, ಅಂಕಿ ಓದುತ್ತೇನೆ. ಇಂಗ್ಲಿಷು ಮಾತ್ರ ನನ್ನ ಕಣ್ಣಿಗೆ ಇರುವೆ ಸಾಲು. ಹಾಗಿದ್ದೂ ಮೂರನೇ ದಿನಕ್ಕೆ ನಾನು ಒಂದು ಪೆಟ್ಟಿಗೆ ಕೈಗವಸನ್ನು ಎಷ್ಟು ಬೇಗ ಆರಿಸಿ ಮುಗಿಸುತ್ತಿದ್ದೆ ಎಂದರೆ ನನ್ನ ಪಕ್ಕದ ಕುರ್ಚಿಯ ಮೈಸೂರಿನ ಅಜ್ಜಿ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು.

"ಏನ್ರೀ, ನೀವು ನೋಡ್ತಿದೀರೋ, ಸುಮ್ನೆ ಎಸೀತಿದೀರೋ?"

"ನೋಡ್ತಾ ಇದ್ದೇನೆ ಮಾರಾಯ್ರೆ. ನಿಮ್ಮ ಹಾಗೆ ಒಂದೊಂದು ಗ್ಲೌಸಿನ ಜಾತಕ ಓದುದಿಲ್ಲ ಅಷ್ಟೆ."

ಈ ಮೈಸೂರಿನ ಅಜ್ಜಿ ಕ್ಯಾಂಪ್‌ಬೆಲ್ ಊರಿನಲ್ಲಿ ನಮ್ಮ ಮನೆಯ ಎದುರು ಅಪಾರ್ಟ್‌ಮೆಂಟಿನವರು. ಮಗನ ಮನೆಗೆ ಆರು ತಿಂಗಳಿಗೆಂದು ಬಂದವರು. ಇದು ಚರ್ಚಿನ ಕೆಲಸ, ನಿಮಗೆ ಅಡ್ಡಿಯಿಲ್ಲವಾ ಎಂದು ನಾನು ಮೊದಲೇ ಕೇಳಿದ್ದೆ. "ನಮ್ಮ ದೇವ್ರೂ ನೀರು ಕುಡೀತಾನೆ ಕಣ್ರೀ, ನಡೀರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಿದ್ದರು.

ಕೆಲಸ ಏನೆಂದು ಹೇಳುತ್ತೇನೆ. ಟಾಂಜಾನಿಯಾ ದೇಶದಲ್ಲಿ ಒಂದು ದೊಡ್ಡ ಸರೋವರದ ಕಡೆ ಒಂದು ಹಳ್ಳಿ. ಅಲ್ಲಿ ಮಿಷನ್ನಿನ ಸಣ್ಣ ಆಸ್ಪತ್ರೆ ಉಂಟು. ವಾರಕ್ಕೊಮ್ಮೆ ಡಾಕ್ಟರು ಬರುತ್ತಾರೆ, ಉಳಿದ ದಿನ ಒಬ್ಬ ಸಿಸ್ಟರೇ ಎಲ್ಲ. ನನ್ನ ಮೊಮ್ಮಗಳು ವಾಲ್ನಟ್ ಕ್ರೀಕಿನಲ್ಲಿ ಹೆರಿಗೆ ವಾರ್ಡಿನ ನರ್ಸು. ತನ್ನ ವಯಸ್ಸಿನವರು ರಜೆಗೆ ಸಮುದ್ರ, ಹಿಮ ಎಂದು ಹೋಗುವಾಗ ಇವಳು ಆ ಹಳ್ಳಿಗೆ ಹೋಗುತ್ತಾಳೆ. ಹೇಳಿಕೊಳ್ಳಬಾರದು ಎನ್ನುತ್ತಾರೆ, ನಾನು ಹೇಳಿಕೊಳ್ಳುತ್ತೇನೆ. ಅಂಥ ಮೊಮ್ಮಗಳು ಇದ್ದರೆ ನೀವೂ ಹೇಳಿಕೊಳ್ಳುತ್ತೀರಿ.

ಮೊದಲ ಸಲ ಅಲ್ಲಿಂದ ಬಂದವಳು ಊಟದ ಮೇಜಿನಲ್ಲಿ ಹೇಳಿದಳು, "ಅಜ್ಜಿ, ಅಲ್ಲಿ ಡೆಲಿವರಿಗೆ ಬರೋರು ನೀರು ತಗೊಂಡೇ ಬರ್ಬೇಕು."

"ಬಿಸಿನೀರಾ?"

"ಯಾವ್ದಾದ್ರೂ. ಕೆರೆ ನೀರು. ಬಕೆಟ್‌ನಲ್ಲಿ. ಆಸ್ಪತ್ರೇಲಿ ನೀರೇ ಇಲ್ಲ. ಬಕೆಟ್ ತರದೆ ಬಂದ್ರೆ ಜೊತೇಲಿ ಬಂದೋರು ವಾಪಸ್ ನಡ್ಕೊಂಡು ಹೋಗಿ ತರ್ತಾರೆ. ಅಷ್ಟರಲ್ಲಿ ಬೇಬಿ ಬಂದಿರುತ್ತೆ."

ನೋವು ತಿನ್ನುವ ಹೆಂಗಸು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಅವಳ ಹಿಂದೆ ತಾಯಿ ತಲೆಯ ಮೇಲೆ ಬಕೆಟು ಹೊತ್ತುಕೊಂಡು ಬರುವುದು ನನ್ನ ಕಣ್ಣಿಗೆ ಕಟ್ಟಿತು. ಆ ಕೆರೆ ನೀರಿನಲ್ಲೇ ಸಿಸ್ಟರು ಕೈ ತೊಳೆಯಬೇಕು, ಮಗುವನ್ನು ಒರೆಸಬೇಕು. ನನಗೆ ಅನ್ನ ಇಳಿಯಲಿಲ್ಲ.

ಮೊಮ್ಮಗಳು ಅನ್ನ ಬಿಟ್ಟು ಕೂರುವವಳಲ್ಲ. ನಮ್ಮ ಚರ್ಚಿನ ಕನ್ನಡ ಸಭೆಯಲ್ಲಿ ಎದ್ದು ನಿಂತು ತನ್ನ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಸಹಾಯ ಕೇಳಿಯೇಬಿಟ್ಟಳು. ಮಿಷನ್ನಿನವರು ಆ ಹಳ್ಳಿಯಲ್ಲಿ ಕೊಳವೆಬಾವಿ ಕೊರೆಸಿದರು. ಒಳ್ಳೆಯ ನೀರು ಸಿಕ್ಕಿತು. ಮುಚ್ಚಳ ಹಾಕಿ ಇಟ್ಟರು. ಟ್ಯಾಂಕು, ಸೋಲಾರ್ ಹಲಗೆ ಅಲ್ಲೇ ಸಿಗುತ್ತವೆ. ಇನ್ನು ಬೇಕಾದದ್ದು ಬಾವಿಗೆ ಇಳಿಸುವ ಪಂಪು, ಬಿಸಿಲಿನಿಂದ ಅದನ್ನು ನಡೆಸುವ ಕಂಟ್ರೋಲರು, ಪೈಪು ಕೂಡಿಸುವ ಹಿತ್ತಾಳೆ ಸಾಮಾನು, ಟ್ಯಾಂಕಿಗೆ ಕ್ಲೋರಿನ್ ಹನಿಸುವ ಒಂದು ಚಿಕ್ಕ ಯಂತ್ರ. ಇಲ್ಲಿಯ ಒಬ್ಬ ಪಂಪು ವ್ಯಾಪಾರಿ ಅಷ್ಟನ್ನೂ ದಾನವಾಗಿ ಕೊಟ್ಟರು. ಆಸ್ಪತ್ರೆಯ ಸಾಮಾನಿನ ಜೊತೆ ಒಂದೇ ಕಂಟೇನರಿನಲ್ಲಿ ಎಲ್ಲ ಹೋಗುವುದೆಂದು ಆಯಿತು. ಒಂದೇ ಒಂದು ಗಡುವು: ಮಳೆ. ಮಳೆ ಹಿಡಿದರೆ ಆ ಹಳ್ಳಿಯ ಮಣ್ಣುದಾರಿಯಲ್ಲಿ ಲಾರಿ ಚಕ್ರ ಹೂತುಹೋಗುತ್ತದೆ. ಈ ಹಡಗು ತಪ್ಪಿದರೆ ಮುಂದಿನ ಹಡಗಿನ ಸಾಮಾನು ಮಳೆಯಲ್ಲಿ ಹೋಗಿ ಮುಟ್ಟಿ, ಮಳೆ ಮುಗಿಯುವವರೆಗೆ ಪೇಟೆಯ ಗೋದಾಮಿನಲ್ಲಿ ಕೂತಿರಬೇಕು. ಹೆರಿಗೆಗಳು ಕೂತಿರುತ್ತವೆಯೇ?

ಗೋದಾಮಿಗೆ ಹಗಲಲ್ಲಿ ಬರಲಿಕ್ಕೆ ಆಗುವುದು ಯಾರಿಗೆ? ಪ್ರಾಯದವರಿಗೆ ಆಫೀಸು, ಮಕ್ಕಳಿಗೆ ಶಾಲೆ. ಹಾಗಾಗಿ ಅಜ್ಜ ಅಜ್ಜಿಯರ ಸೈನ್ಯ. ನಮ್ಮಲ್ಲಿ ಹೆಚ್ಚಿನವರಿಗೆ ಇಂಗ್ಲಿಷು ಬಾರದು ಎಂದು ಮೊಮ್ಮಗಳು ಪ್ರತಿ ಪೆಟ್ಟಿಗೆಯ ಮೇಲೂ ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಬರೆದಳು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಲಿತ ಅಕ್ಷರ. 'ಕೈಗವಸು' ಎಂದು ಬರೆದದ್ದರಲ್ಲಿ 'ಕೈ' ಒಂದು ಕಡೆ, 'ಗವಸು' ಒಂದು ಕಡೆ.

"ನಿಮ್ಮ ಮೊಮ್ಮಗಳ ಅಕ್ಷರ ನೋಡಿ, ಹುರುಳಿಕಾಯಿ ಚೆಲ್ಲಿದ ಹಾಗಿದೆ" ಎಂದರು ಮೈಸೂರಿನ ಅಜ್ಜಿ.

"ನಿಮ್ಮ ಮೊಮ್ಮಗ ಬರೀತಾನಾ?"

"ಅವನು 'ಅಜ್ಜಿ' ಅಂತ ಕರೆದ್ರೇ ನಮಗೆ ಹಬ್ಬ."

"ಹಾಗಾದ್ರೆ ಹುರುಳಿಕಾಯಿ ತಿನ್ನಿ."

ಹೀಗೆ ಆರಿಸುತ್ತಾ, ಕಟ್ಟುತ್ತಾ ಕೆಲಸ ಮುಗಿಯುತ್ತ ಬಂತು. ಎಕ್ಸ್‌ಪೈರ್ಡು ಸಾಮಾನು ರಾಶಿ ಬಿದ್ದಿತ್ತು. ಅದನ್ನೂ ಎಸೆಯುವುದಿಲ್ಲ. ವಾಲ್ನಟ್ ಕ್ರೀಕ್ ಕಡೆ ಒಂದು ನರ್ಸಿಂಗ್ ತರಬೇತಿ ಶಾಲೆಯವರು ಮಕ್ಕಳ ಅಭ್ಯಾಸಕ್ಕೆ ಬೇಕೆಂದು ಕೇಳಿದ್ದರು. ನನ್ನ ಅಳಿಯ ವ್ಯಾನಿನಲ್ಲಿ ಒಯ್ದು ಕೊಡುವುದೆಂದು ಮಾತಾಗಿತ್ತು.

ಕಂಟೇನರು ಬರುವ ಹಿಂದಿನ ಸಂಜೆ ಮೊಮ್ಮಗಳು ಡ್ಯೂಟಿಗೆ ಹೊರಡುವ ಮೊದಲು ಗೋದಾಮಿಗೆ ಬಂದು ಬಾಗಿಲ ಬಲಗಡೆಗೆ ಏಳೆಂಟು ಪೆಟ್ಟಿಗೆಗಳನ್ನು ಬೇರೆಯಾಗಿ ಜೋಡಿಸಿದಳು. ಟೇಪು ಹಾಕಿ ಬಿಗಿದ ಪೆಟ್ಟಿಗೆಗಳು. ಅವುಗಳ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ, ಕೆಳಗೆ ಅದೇ ಹುರುಳಿಕಾಯಿ ಕನ್ನಡದಲ್ಲಿ ದಪ್ಪಗೆ: ಮಾಜಿ.

"ಅಜ್ಜಿ, ನಾಳೆ ನಾನು ನೈಟ್ ಡ್ಯೂಟಿ ಮುಗ್ಸಿ ಸ್ವಲ್ಪ ಮಲಗಿ ಮಧ್ಯಾಹ್ನ ಬರ್ತೀನಿ. ಈ ಮಾಜಿ ಬಾಕ್ಸ್‌ಗಳು ಲಾಸ್ಟಲ್ಲಿ ಹೋಗ್ಬೇಕು. ಮರೀಬೇಡ, ಓಕೆ?"

"ಮರೆಯುದಿಲ್ಲ ಮಗಾ, ನೀನು ಹೋಗು."

ನನಗೆ ಅರ್ಥವಾದದ್ದು ಇಷ್ಟು. ಊರಿನ ಪೇಪರಿನಲ್ಲಿ ಮಾಜಿ ಮಂತ್ರಿ, ಮಾಜಿ ಶಾಸಕ ಎಂದು ಬರೆಯುತ್ತಾರಲ್ಲ? ಅವಧಿ ಮುಗಿದವರು. ಈ ಸಾಮಾನಿಗೂ ಅವಧಿ ಮುಗಿದಿದೆ. ಎಕ್ಸ್‌ಪೈರ್ಡಿಗೆ ನಮಗೆ ಯಾರಿಗೂ ಹೊಳೆಯದ ಕನ್ನಡ ಶಬ್ದ ಈ ಅಮೆರಿಕದಲ್ಲಿ ಹುಟ್ಟಿದ ಹುಡುಗಿಗೆ ಹೊಳೆಯಿತಲ್ಲ ಎಂದು ನನ್ನ ಎದೆ ಉಬ್ಬಿತು. ಮೈಸೂರಿನ ಅಜ್ಜಿಗೂ ಹೇಳಿದೆ. ಅವರೂ "ಪರ್ವಾಗಿಲ್ಲ ಕಣ್ರೀ, ಹುಡುಗಿ ಚುರುಕಾಗಿದಾಳೆ" ಎಂದು ತಲೆದೂಗಿದರು.

ಮರುದಿನ ಶುಕ್ರವಾರ. ಬೆಳಿಗ್ಗೆ ಅಳಿಯ ವ್ಯಾನು ತಂದ. ಎಕ್ಸ್‌ಪೈರ್ಡು ರಾಶಿಯನ್ನೆಲ್ಲ ಏರಿಸಿದೆವು. ಲಾಸ್ಟಲ್ಲಿ ಹೋಗಬೇಕು ಎಂದಿದ್ದಳಲ್ಲ, ಲಾಸ್ಟಿಗೆ ಮಾಜಿ ಪೆಟ್ಟಿಗೆಗಳನ್ನು ತೋರಿಸಿದೆ.

"ಅತ್ತೆ, ಇದೇನು ಕಲ್ಲು ತುಂಬಿದೀರಾ?" ಎಂದ ಅಳಿಯ, ಒಂದನ್ನು ಎತ್ತುತ್ತಾ.

"ಗ್ಲೂಕೋಸ್ ಬಾಟ್ಲಿ ಇರ್ಬೇಕು. ಬಗ್ಗಿ ಎತ್ತು, ಸೊಂಟ ಹಿಡಿದೀತು."

ಅವನು ಹೊರಟುಹೋದ. ಸ್ವಲ್ಪ ಹೊತ್ತಿಗೆ ಕಂಟೇನರಿನ ಲಾರಿ ಬಂತು. ಡ್ರೈವರು ಪಂಜಾಬಿನವರು, ನೀಲಿ ಪಗಡಿ, ಬಿಳಿ ಗಡ್ಡ. ಸಂಜೆ ಓಕ್ಲೆಂಡ್ ಬಂದರಿನ ಗೇಟು ಮುಚ್ಚುವುದರೊಳಗೆ ಒಳಗಿರಬೇಕು, ನಾಲ್ಕಕ್ಕೆ ಇಲ್ಲಿಂದ ಹೊರಡಲೇಬೇಕು ಎಂದು ಮೊದಲೇ ಹೇಳಿದರು.

ಕಂಟೇನರು ತುಂಬುವುದು ನೋಡಲಿಕ್ಕೆ ಸುಲಭ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಎಡಕ್ಕೂ ಬಲಕ್ಕೂ ತೂಕ ಸಮ ಇರಬೇಕು, ಹಿಂದಕ್ಕೆ ಹೆಚ್ಚಾದರೆ ದಾರಿಯಲ್ಲಿ ಲಾರಿ ತೂಗುತ್ತದೆ. ಪ್ರಾಯದಲ್ಲಿ ನಾನು ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಲಾರಿಗೆ ಹಂಚು ಜೋಡಿಸಿದವಳು. ಎರಡು ಪೆಟ್ಟಿಗೆಗಳ ಸಂದಿಯ ಮೇಲೆ ಮೂರನೆಯದರ ನಡು ಬರುವ ಹಾಗೆ ಇಡಿಸಿದೆ. ಸಂದಿಗಳಿಗೆ ದಾನಕ್ಕೆ ಬಂದ ಹಾಸಿಗೆ, ಹೊದಿಕೆ ತುರುಕಿಸಿದೆ. ಎಂಥ ಅಲೆ ಬಂದರೂ ಒಂದು ಪೆಟ್ಟಿಗೆ ಅಲುಗಬಾರದು. ಕೊನೆಗೆ ಬಾಗಿಲ ಹತ್ತಿರ ಒಂದಿಷ್ಟು ಜಾಗ ಉಳಿದಿತ್ತು. ಖಾಲಿ ಬಿಡುವುದು ಯಾಕೆ ಎಂದು ಆಸ್ಪತ್ರೆ ಮಂಚಗಳನ್ನು, ಗಾಲಿ ಕುರ್ಚಿಗಳನ್ನು ಮಡಚಿ ಅಲ್ಲಿಗೂ ತುಂಬಿಸಿದೆ. ಒಂದು ಕೈ ತೂರುವಷ್ಟೂ ಜಾಗ ಉಳಿಸಲಿಲ್ಲ. ನೋಡಿ ಖುಷಿಯಾಯಿತು.

ಅಷ್ಟು ಹೊತ್ತಿಗೆ ಮೊಮ್ಮಗಳ ಕಾರು ಬಂತು. ಅವಳು ಇಳಿದು ನಮ್ಮ ಕಡೆ ಬರುವಾಗಲೇ ಆ ಡ್ರೈವರು ಒಂದು ಕುರ್ಚಿ ತಂದು ನನ್ನ ಹಿಂದೆ ಇಟ್ಟರು.

"ಬೈಠಿಯೇ ಮಾಜಿ. ಬಹುತ್ ಕಾಮ್ ಕಿಯಾ."

ನನಗೆ ಸಿಟ್ಟು ಬಂತು. ಇಷ್ಟು ಹೊತ್ತು ಇಷ್ಟು ಕೆಲಸ ಮಾಡಿಸಿದವಳನ್ನು ಮಾಜಿ ಎನ್ನುವುದೆ?

"ಯಾರು ಮಾಜಿ? ನಾನಿನ್ನೂ ಹಾಲಿ ಇದ್ದೇನೆ ಅಂತ ಹೇಳು ಮಗಾ ಇವ್ರಿಗೆ!"

ಮೈಸೂರಿನ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊಮ್ಮಗಳೂ ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿದಳು. "ಅಜ್ಜಿ, ಅದು ಹಿಂದಿ. ಮಾ-ಜೀ. ಅಮ್ಮ ಅಂತ ರೆಸ್ಪೆಕ್ಟಲ್ಲಿ ಕರೆದ್ರು, ತುಂಬಾ ಕೆಲಸ ಮಾಡಿದ್ರಿ, ಕೂತ್ಕೊಳ್ಳಿ ಅಂತ. ಸೋ ಫನ್ನಿ, ಅಲ್ವಾ? ಇವ್ರ ಮಾಜಿ ಅಮ್ಮ, ನಮ್ ಮಾಜಿ ನೀರು."

"ನಮ್ಮ ಮಾಜಿ ಎಂತದು?"

"ನೀರು ಅಜ್ಜಿ. ಅಲ್ಲಿ ಸ್ವಾಹಿಲಿಲಿ ಮಾಜಿ ಅಂದ್ರೆ ನೀರು. ಬಾಕ್ಸ್ ಮೇಲೆ ಇಂಗ್ಲಿಷಲ್ಲೂ ಕನ್ನಡದಲ್ಲೂ ಅದನ್ನೇ ಬರ್ದಿಲ್ವಾ ನಾನು? ಪಂಪು, ಪೈಪಿಂದು ಎಲ್ಲ. ಅಲ್ಲಿ ಮೊದ್ಲು ಇಳೀಲಿ ಅಂತ ಲಾಸ್ಟಲ್ಲಿ ಅಂದೆ. ಎಲ್ಲಿವೆ ಅವು? ಲೋಡ್ ಮಾಡ್ಬಿಡೋಣ."

ಆ ಕುರ್ಚಿ ಇಟ್ಟದ್ದು ಒಳ್ಳೆಯದೇ ಆಯಿತು. ನಾನು ಕೂತುಬಿಟ್ಟೆ.

ಮೈಸೂರಿನ ಅಜ್ಜಿಯೇ ವಿಷಯ ಹೇಳಿದರು. "ಪುಟ್ಟಾ, ನಾವಿಬ್ರೂ ಅದನ್ನ ಅವಧಿ ಮುಗಿದಿದ್ದು ಅಂದ್ಕೊಂಡ್ವಿ. ನಿಮ್ಮಪ್ಪ ವ್ಯಾನಲ್ಲಿ ತಗೊಂಡ್ಹೋದ್ರು."

ಮೊಮ್ಮಗಳ ಮುಖದ ನಗು ಹೋಯಿತು. ಅವಳು ಬಾಗಿಲ ಬಲಗಡೆಯ ಖಾಲಿ ನೆಲವನ್ನೊಮ್ಮೆ ನೋಡಿದಳು, ಹೊಟ್ಟೆ ಬಿರಿಯುವಂತೆ ತುಂಬಿದ ಕಂಟೇನರನ್ನೊಮ್ಮೆ ನೋಡಿದಳು. ಒಂದು ಕೆಟ್ಟ ಮಾತು ಆಡಲಿಲ್ಲ. ಫೋನು ತೆಗೆದು ಅಪ್ಪನಿಗೆ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು.

"ಡ್ಯಾಡ್, ವ್ಯಾನಲ್ಲಿ ಹೆವಿ ಬಾಕ್ಸಸ್ ಇನ್ನೂ ಇವೆಯಾ?"

"ಇಲ್ವಲ್ಲಾ, ಎಲ್ಲಾ ಇಳಿಸಿ, ಅಲ್ಲೇ ಊಟ ಮುಗಿಸಿ ಹೊರಟೆ. ಸಾನ್ ರಮೋನ್ ದಾಟ್ತಾ ಇದೀನಿ. ಯಾಕೆ?"

"ನೆಕ್ಸ್ಟ್ ಎಕ್ಸಿಟ್ ತಗೊಂಡು ವಾಪಸ್ ಹೋಗಿ. ಅದು ಪಂಪು."

"ಅಯ್ಯೋ ದೇವ್ರೇ. ಅತ್ತೆ ಗ್ಲೂಕೋಸ್ ಅಂದ್ರು!"

"ಡ್ಯಾಡ್, ಡ್ರೈವ್ ಮಾಡಿ."

ನಮ್ಮ ಸಭೆಯ ಕಾರ್ಯದರ್ಶಿ ಆವತ್ತು ಆಫೀಸಿಗೆ ರಜೆ ಹಾಕಿ ಬಂದಿದ್ದರು. ಒಳ್ಳೆಯ ಮನುಷ್ಯ, ಎಲ್ಲವನ್ನೂ ಲೆಕ್ಕ ಹಾಕಿ ಮಾತಾಡುವವರು. ಶುಕ್ರವಾರ ಮಧ್ಯಾಹ್ನ ಫ್ರೀವೇ ಎಂಬ ಹೆದ್ದಾರಿ ಗಾಡಿಗಳಿಂದ ಕಟ್ಟಿಹೋಗುತ್ತದೆ ಎಂದು ಅವರಿಗೆ ಗೊತ್ತು.

"ನೋಡಮ್ಮ, ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡೋಣ" ಎಂದರು. "ಅವರು ನಾಲ್ಕರೊಳಗೆ ಬರ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಬಂದ್ರೂ ಜಾಗ ಇಲ್ಲ. ಕಾದ್ವಿ ಅಂದ್ರೆ ಆಸ್ಪತ್ರೆ ಸಾಮಾನೂ ಹೋಗಲ್ಲ, ಪಂಪೂ ಹೋಗಲ್ಲ. ಈಗ ಇರೋದನ್ನ ಕಳಿಸಿಬಿಡೋಣ. ಮೆಡಿಕಲ್ ಆದ್ರೂ ತಲುಪುತ್ತೆ. ನೀರು ನೆಕ್ಸ್ಟ್ ಟೈಮ್."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೂ ಹಾಗೇ ಅನ್ನಿಸಿತು. ಎಲ್ಲರೂ ಮೊಮ್ಮಗಳ ಮುಖ ನೋಡಿದೆವು. ಅವಳು ಮಲಗಲೂ ಇಲ್ಲವೆಂದು ಕಾಣುತ್ತದೆ, ನೈಟ್ ಡ್ಯೂಟಿಯ ಬಟ್ಟೆಯಲ್ಲೇ ಇದ್ದಳು, ಕಣ್ಣು ಕೆಂಪಗಿತ್ತು.

"ಅಂಕಲ್, ಗ್ಲೌಸ್ ಹಾಕ್ಕೊಳ್ಳೋಕೆ ಮುಂಚೆ ಕೈ ತೊಳೀಬೇಕಲ್ಲ?"

ಕಾರ್ಯದರ್ಶಿ ಕೈಯಲ್ಲಿದ್ದ ಲೆಕ್ಕದ ಕಾಗದ ಮಡಚಿದರು.

"ಇಷ್ಟೆಲ್ಲ ಕಳಿಸಿದ್ರೂ ಸಿಸ್ಟರ್ ಕೆರೆ ನೀರಲ್ಲೇ ಕೈ ತೊಳ್ಕೊಂಡು ನಮ್ ಕ್ಲೀನ್ ಗ್ಲೌಸ್ ಹಾಕ್ಕೋತಾರೆ. ಸೋ ವಾಟ್ ಈಸ್ ದ ಪಾಯಿಂಟ್? ಬಾಗಿಲ ಕಡೆದನ್ನ ಇಳಿಸೋಣ. ಡ್ಯಾಡ್ ಬರೋಷ್ಟರಲ್ಲಿ ಜಾಗ ರೆಡಿ ಇರ್ಲಿ. ಬರ್ಲಿಲ್ಲ ಅಂದ್ರೆ ಇದನ್ನೇ ವಾಪಸ್ ತುಂಬಿ ನಾಲ್ಕಕ್ಕೆ ಕಳಿಸ್ಬಿಡೋಣ."

ನೀವೇ ಹೇಳಿ. ಆ ವಯಸ್ಸಿನಲ್ಲಿ ನಾವು ಮದುವೆ ಮನೆಯಲ್ಲಿ ಯಾವ ಪಂಕ್ತಿಗೆ ಕೂರಬೇಕೆಂದು ಕೂಡ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆವು. ಇವಳು ಅಷ್ಟು ಜನ ಹಿರಿಯರ ನಡುವೆ ಸ್ವರ ಏರಿಸದೆ ತೀರ್ಮಾನ ಮಾಡಿದಳು, ಮೊದಲ ಗಾಲಿ ಕುರ್ಚಿಗೆ ತಾನೇ ಕೈ ಹಾಕಿದಳು.

ಅವಳು ಹೋಗಿ ಡ್ರೈವರ ಹತ್ತಿರ ವಿಷಯ ಹೇಳಿದಳು. ಅವರು ಗಡ್ಡ ಸವರುತ್ತ ಕೇಳಿಸಿಕೊಂಡರು. ತುಂಬುವುದು ಇಳಿಸುವುದು ಡ್ರೈವರರ ಕೆಲಸವಲ್ಲ. ಲಾರಿಯೊಳಗೆ ಕೂತು ಕಾಯಬಹುದಿತ್ತು. ಅವರು ಕೈಗೆ ದಪ್ಪ ಗವಸು ಹಾಕಿಕೊಂಡು ನನ್ನ ಎದುರು ಬಂದು ನಿಂತರು. "ಬೋಲಿಯೇ ಮಾಜಿ, ಪೆಹಲೇ ಕೌನ್ಸಾ?" ಮೊದಲು ಯಾವುದು ಎಂದು ನನ್ನನ್ನೇ ಕೇಳಿದರು. ಈ ಸಲ ನನಗೆ ಸಿಟ್ಟು ಬರಲಿಲ್ಲ.

ಬಿಚ್ಚಲು ಹೊರಟರೆ ಬರಬೇಕಲ್ಲ! ಬೆಳಿಗ್ಗೆ ನಾನೇ ನಿಂತು ತುರುಕಿಸಿದ ಹಾಸಿಗೆಗಳು ಸಂದಿಯಲ್ಲಿ ಬೆಣೆ ಹೊಡೆದ ಹಾಗೆ ಕೂತಿದ್ದವು. ಇಬ್ಬರು ಎಳೆದರೂ ಜಗ್ಗಲಿಲ್ಲ.

"ಇದನ್ನು ಯಾರು ತುಂಬಿದ್ದು?" ಎಂದು ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ಕೇಳಿದರು.

"ಇಲ್ಲೇ ನಿಂತಿದಾರಲ್ಲ, ಹಾಲಿ ಮೇಸ್ತ್ರಿ" ಎಂದರು ಮೈಸೂರಿನ ಅಜ್ಜಿ.

ಮೇಲಿನಿಂದ ಹೊದಿಕೆಗಳನ್ನು ಒಂದೊಂದಾಗಿ ತೆಗೆದ ಮೇಲೆ ಹಾಸಿಗೆ ಸಡಿಲವಾಯಿತು. ಕುರ್ಚಿಗಳು, ಮಂಚಗಳು ಹೊರಗೆ ಬಂದವು. ಅಲ್ಲಿಗೇ ಮುಗಿಯಲಿಲ್ಲ. ಡ್ರೈವರು ಒಳಗೆ ಹೋಗಿ ನೋಡಿ ತಲೆಯಾಡಿಸಿದರು. ಪಂಪಿನ ಪೆಟ್ಟಿಗೆಗಳು ಅಷ್ಟು ಭಾರ ಇದ್ದರೆ ಅವನ್ನೆಲ್ಲ ಬಾಗಿಲಲ್ಲೇ ಇಟ್ಟರೆ ಹಿಂದಕ್ಕೆ ತೂಕ ಹೆಚ್ಚಾಗುತ್ತದೆ. ಇನ್ನೂ ಒಳಗಿನ ಎರಡು ಸಾಲನ್ನೂ ತೆಗೆದು, ಪಂಪಿನ ಪೆಟ್ಟಿಗೆಗಳಿಗೆ ಅಲ್ಲಿ ಜಾಗ ಮಾಡಿ, ಅಲ್ಲಿಯ ಹಗುರದ್ದನ್ನು ಬಾಗಿಲ ಕಡೆ ತರಬೇಕು. ಗಡಿಯಾರ ನೋಡಿದರೆ ಆಗುವ ಹಾಗೆ ಕಾಣಲಿಲ್ಲ. ಮೊಮ್ಮಗಳು ಆಗುತ್ತದೋ ಇಲ್ಲವೋ ಎಂದು ನೋಡಲೇ ಇಲ್ಲ. "ಓಕೆ, ಅದನ್ನೂ ತೆಗೀರಿ" ಎಂದಳು.

ನಾವು ಅಜ್ಜ ಅಜ್ಜಿಯರು ಎತ್ತುವುದು ಅಷ್ಟಕ್ಕಷ್ಟೇ. ಸಾಲಾಗಿ ನಿಂತು ಹಗುರದ ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಕಾರ್ಖಾನೆಯಲ್ಲಿ ಹಂಚು ದಾಟಿಸಿದ್ದು ಹಾಗೆಯೇ. ಮುಂದಿನವರ ಕೈಗೆ ಮುಟ್ಟಿದ ಮೇಲೆಯೇ ನಮ್ಮ ಕೈ ಬಿಡಬೇಕು. ನನ್ನ ಎಡಕ್ಕೆ ಮೈಸೂರಿನ ಅಜ್ಜಿ. ಅವರ ಸೊಂಟಕ್ಕೆ ಸಿಕ್ಕಿಸಿದ ಸೀರೆ ಸೆರಗು, ಕಾಲಿಗೆ ಮೊಮ್ಮಗನ ಬಿಳಿ ಶೂಸು.

ಮೂರು ಹೊಡೆದು ಬಹಳ ಹೊತ್ತಾದ ಮೇಲೆ ವ್ಯಾನಿನ ಹಾರನ್ನು ಕೇಳಿತು. ಅಳಿಯ ಇಳಿಯುವಾಗ ಅವನ ಅಂಗಿ ಪೂರ್ತಿ ಒದ್ದೆ.

"ಪೆಟ್ಟಿಗೆ ಒಡೆದಿದ್ರು ಅತ್ತೆ! ಹಿತ್ತಾಳೆ ಪೈಪು ಕೈಯಲ್ಲಿ ಹಿಡ್ಕೊಂಡು ಟೀಚರು ನಿಂತಿದಾರೆ, ಇದನ್ನ ಪೇಷಂಟಿಗೆ ಎಲ್ಲಿ ಹಾಕೋದು ಅಂತ."

ಯಾರಿಗೂ ನಗಲಿಕ್ಕೆ ಪುರುಸೊತ್ತು ಇರಲಿಲ್ಲ; ಆ ಮಾತಿಗೆ ನಾವು ನಕ್ಕದ್ದು ಮರುದಿನ. ಒಡೆದ ಪೆಟ್ಟಿಗೆಯಿಂದ ಒಂದು ತಿರುಪು ಕಡಿಮೆಯಾಗಿದ್ದರೂ ಅಲ್ಲಿ ಮಣ್ಣುದಾರಿಯ ಕೊನೆಯಲ್ಲಿ ಅದು ಸಿಗುವುದಿಲ್ಲ. ನೆಲದ ಮೇಲೆ ಒಂದು ಬಿಳಿ ಹೊದಿಕೆ ಹಾಸಿದೆವು. ಮೊಮ್ಮಗಳು ಹೆಸರು ಹೇಳಿದ ಹಾಗೆ ಅಳಿಯ ತೆಗೆದು ಇಟ್ಟ. ಪಂಪು ಬಂತು, ಕಂಟ್ರೋಲರು ಬಂತು, ನೀರು ಮುಗಿದರೆ ಪಂಪನ್ನು ನಿಲ್ಲಿಸುವ ತಂತಿ ಬಂತು, ಕ್ಲೋರಿನಿನ ಯಂತ್ರ ಬಂತು, ರಬ್ಬರಿನ ಬಳೆಗಳು ಬಂದವು. ಎಲ್ಲ ಇತ್ತು. ಅವಳು ಹೊಸ ಟೇಪು ಎಳೆದು ಹಾಕಿದಳು. ಆಮೇಲೆ ಮಾರ್ಕರು ತೆಗೆದು 'ಮಾಜಿ'ಯ ಕೆಳಗೆ, ಒಂದೊಂದು ಪೆಟ್ಟಿಗೆಯ ಮೇಲೂ, 'ನೀರು' ಎಂದು ಬರೆದಳು.

"ನನ್ ಮಿಸ್ಟೇಕು ಅಜ್ಜಿ. ಮೊದ್ಲೇ ಬರೀಬೇಕಿತ್ತು."

"ಮಿಸ್ಟೇಕು ಎಂತದು? ಅಕ್ಷರ ಎಷ್ಟು ಚಂದ ಉಂಟು" ಎಂದೆ.

ಭಾರದ ಪೆಟ್ಟಿಗೆಗಳು ತೆಗೆದ ಸಾಲುಗಳ ಜಾಗದಲ್ಲಿ ಕೆಳಗೆ ಕೂತವು. ಬಾಗಿಲ ಕಡೆ ಹಗುರದ್ದು. ಮಂಚಗಳಲ್ಲಿ ಎರಡು ಯಾವ ರೀತಿ ಇಟ್ಟರೂ ಹಿಡಿಸಲಿಲ್ಲ. ಮೊಮ್ಮಗಳು ಅವನ್ನು ಗೋಡೆಗೆ ಒರಗಿಸಿ, "ಇವು ನೆಕ್ಸ್ಟ್ ಟೈಮ್" ಎಂದಳು. ಕಾರ್ಯದರ್ಶಿ ಅವಳ ಮುಖ ನೋಡಿ ಸಣ್ಣಗೆ ನಕ್ಕರು. ಡ್ರೈವರು ಪೆಟ್ಟಿಗೆಗಳಿಗೆ ಅಡ್ಡ ಪಟ್ಟಿ ಎಳೆದು ಬಿಗಿದರು. 

ಬಾಗಿಲು ಮುಚ್ಚಿದ ಮೇಲೆ ನಮ್ಮಲ್ಲಿ ಒಂದು ಕ್ರಮ ಉಂಟು. ಎಲ್ಲರೂ ಕಂಟೇನರಿನ ಬಾಗಿಲಿಗೆ ಒಂದು ಕೈ ಇಟ್ಟು ನಿಲ್ಲುತ್ತೇವೆ, ಸಭಾಪಾಲಕರು, ಎಂದರೆ ನಮ್ಮ ಪಾದ್ರಿಗಳು, ಪ್ರಾರ್ಥಿಸುತ್ತಾರೆ. ಆವತ್ತು ಸಭಾಪಾಲಕರು ಪೆಟ್ಟಿಗೆ ಹೊತ್ತು ಉಸಿರು ಸಿಕ್ಕಿಕೊಂಡು ನಿಂತಿದ್ದರು. "ನೀನೇ ಮಾಡಮ್ಮ" ಎಂದು ಮೊಮ್ಮಗಳಿಗೆ ಹೇಳಿದರು. ಅವಳು ಕಣ್ಣು ಮುಚ್ಚಿ ಕನ್ನಡದಲ್ಲಿ ಸುರು ಮಾಡಿ, ನಡುವೆ ಶಬ್ದ ಸಿಗದೆ ಇಂಗ್ಲಿಷಿಗೆ ಹೋಗಿ, ಮತ್ತೆ ಕನ್ನಡಕ್ಕೆ ಬಂದು ಆಮೆನ್ ಹೇಳಿದಳು. ಮೈಸೂರಿನ ಅಜ್ಜಿಯ ಕೈಯೂ ಬಾಗಿಲ ಮೇಲಿತ್ತು. ಡ್ರೈವರು ಎರಡೂ ಕೈ ಜೋಡಿಸಿ ನಿಂತಿದ್ದರು. ಆಮೇಲೆ ಸೀಲು ಹಾಕಿ, ಲಾರಿ ಏರಿ, ಕಿಟಕಿಯಿಂದ ನನಗೆ ಕೈ ಬೀಸಿ ಹೋದರು. ನಾಲ್ಕು ದಾಟಿತ್ತು. ಗೇಟು ಮುಚ್ಚುವುದರೊಳಗೆ ಮುಟ್ಟುತ್ತಾರೋ ಇಲ್ಲವೋ ಎಂದು ಗೋದಾಮಿನ ಮೆಟ್ಟಿಲ ಮೇಲೆ ಕೂತು ಕಾದೆವು. ಯಾರಿಗೂ ಮನೆಗೆ ಹೋಗುವ ಮನಸ್ಸಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮೊಮ್ಮಗಳ ಫೋನಿಗೆ ಒಂದು ಫೋಟೋ ಬಂತು. ಬಂದರಿನ ಒಳಗೆ ನಿಂತ ನಮ್ಮ ಕಂಟೇನರು, ಅದರ ಪಕ್ಕ ನೀಲಿ ಪಗಡಿ. ನಾವು ಮುದುಕರೆಲ್ಲ ಶಾಲೆ ಮಕ್ಕಳ ಹಾಗೆ ಕೂಗಿದೆವು.

ಹಡಗು ಹೋಗಿ ಮುಟ್ಟಿತು. ಅಲ್ಲಿಯ ಬಂದರಿನಲ್ಲಿ ನಮ್ಮ ಸಾಮಾನನ್ನು ತಡೆದು ನೋಡಿ ಬಿಟ್ಟರು. ಮೊದಲ ಮಳೆಯ ಮೋಡ ಕಾಣಿಸುವ ಹೊತ್ತಿಗೆ ಲಾರಿ ಹಳ್ಳಿ ಸೇರಿತು. ಮೊಮ್ಮಗಳು ತನ್ನ ರಜೆ ಅಷ್ಟನ್ನೂ ಕೂಡಿಸಿಕೊಂಡು ವಿಮಾನ ಹತ್ತಿದಳು. ಅಲ್ಲಿಯ ಮೆಕ್ಯಾನಿಕರು ಪಂಪನ್ನು ಹಗ್ಗ ಕಟ್ಟಿ ಇಳಿಸಿದರು. ಮೊದಲು ಕೆಂಪು ನೀರು ಬಂತಂತೆ, ಆಮೇಲೆ ಮರಳು ನೀರು, ಆಮೇಲೆ ತಿಳಿ. ಟ್ಯಾಂಕಿಗೆ ಕ್ಲೋರಿನು ಹಾಕಿ ತೊಳೆದರು, ನೀರನ್ನು ಪರೀಕ್ಷೆಗೆ ಕಳಿಸಿದರು. ಕುಡಿಯಬಹುದು ಎಂದು ಬರುವವರೆಗೆ ಅವಳು ಯಾರಿಗೂ ಒಂದು ಲೋಟ ಕೊಡಲಿಲ್ಲವಂತೆ.

ಒಂದು ಬೆಳಿಗ್ಗೆ ನಾನು ಕ್ಯಾಂಪ್‌ಬೆಲ್ಲಿನ ಅಡಿಗೆಮನೆಯಲ್ಲಿದ್ದಾಗ ಅವಳ ವಿಡಿಯೋ ಕಾಲು ಬಂತು. ಅಲ್ಲಿ ಸಂಜೆ ಬಿಸಿಲು.

"ಅಜ್ಜಿ, ನೋಡು" ಎಂದು ಫೋನು ತಿರುಗಿಸಿದಳು. ಹೆರಿಗೆ ಕೋಣೆಯ ಹೊರಗಿನ ಗೋಡೆಯಲ್ಲಿ ಒಂದು ನಲ್ಲಿ, ಕೆಳಗೆ ತೊಟ್ಟಿ. ಸಿಸ್ಟರು ಕೈ ತೊಳೆಯುತ್ತಿದ್ದರು. ಸುತ್ತ ಹೆಂಗಸರು.

ಆಗಲೇ ಗೇಟಿನಲ್ಲಿ ಗದ್ದಲವಾಯಿತು. ನೋವು ಬಂದ ಒಬ್ಬ ಹುಡುಗಿಯನ್ನು ಇಬ್ಬರು ಹಿಡಿದು ಕರೆತಂದರು. ಅವಳ ಹಿಂದೆ ನನ್ನ ವಯಸ್ಸಿನ ಒಬ್ಬಳು ಮುದುಕಿ, ತಲೆಯ ಮೇಲೆ ತುಂಬಿದ ಬಕೆಟು. ಹುಡುಗಿಯನ್ನು ಒಳಗೆ ಕರೆದೊಯ್ದರು. ಮುದುಕಿ ಬಕೆಟು ಇಳಿಸಿ ಬಾಗಿಲಲ್ಲಿಟ್ಟು, ಇದನ್ನು ತೆಗೆದುಕೊಳ್ಳಿ ಎಂಬ ಹಾಗೆ ಸಿಸ್ಟರ ಕಡೆ ನೋಡಿದಳು. ಸಿಸ್ಟರು ಒದ್ದೆ ಕೈಯಿಂದ ನಲ್ಲಿ ತೋರಿಸಿ ಏನೋ ಹೇಳಿ ಒಳಗೆ ಹೋದರು. ಮುದುಕಿ ಬಕೆಟಿನ ಪಕ್ಕದಲ್ಲೇ ನಿಂತುಕೊಂಡಳು. ಇಷ್ಟು ದೂರ ಹೊತ್ತದ್ದನ್ನು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

"ಅಜ್ಜಿ, ನಾನು ಹೋಗ್ಬೇಕು, ಬೇಬಿ ಬರ್ತಿದೆ" ಎಂದಳು ಮೊಮ್ಮಗಳು. ಫೋನನ್ನು ಕಿಟಕಿಗೆ ಒರಗಿಸಿ ಮರೆತೇಬಿಟ್ಟಳು. ನಲ್ಲಿ ಬಿಟ್ಟು ಸೋಪು ಹಚ್ಚಿ ಮೊಣಕೈಯವರೆಗೆ ತೊಳೆದಳು, ಬೆರಳ ಸಂದಿಗಳನ್ನೆಲ್ಲ ತಿಕ್ಕಿದಳು. ಆಮೇಲೆ ತೊಳೆದ ಕೈ ಎಲ್ಲಿಗೂ ತಾಗದ ಹಾಗೆ ಎರಡೂ ಕೈ ಮೇಲೆತ್ತಿಕೊಂಡು, ಹೆಗಲಿನಿಂದ ಬಾಗಿಲು ತಳ್ಳಿ ಒಳಗೆ ಹೋದಳು.

ನಲ್ಲಿ ಹಾಗೆಯೇ ಹರಿಯುತ್ತಿತ್ತು. ಮುದುಕಿ ಹತ್ತಿರ ಬಂದಳು. ಕೈ ಹಾಕಿ ಅದನ್ನು ತಿರುಗಿಸಿದಳು. ನೀರು ನಿಂತಿತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತು, ಮತ್ತೆ ತಿರುಗಿಸಿದಳು.

ನೀರು ಬಂತು.